ತೋಪು-ಕೋವಿಗಳ ಮೇಲಿನ ಬರಹಗಳು

ಶಾಸನವೆಂದೊಡನೆ ನಮಗೆ ಕಲ್ಲು ನೆನಪಾಗುತ್ತದೆ, ಇಲ್ಲವೆ ತಾಮ್ರಪಟ. ಹಲ್ಮಿಡಿ, ಬಾದಾಮಿ, ಶ್ರವಣಬೆಳ್ಗೊಳ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಕಲ್ಲಿನ ಬರಹಗಳನ್ನೇ. ಆದರೆ ಕಬ್ಬಿಣ ಕಂಚುಗಳ ಮೇಲೂ ನಮ್ಮ ನಾಡಿನ ಇತಿಹಾಸವನ್ನು ಕೊರೆದಿದ್ದಾರೆ. ಕೋಟೆಯ ಬುರುಜಿನ ಮೇಲೆ ಬಿಸಿಲಿನಲ್ಲಿ ಬಿದ್ದಿರುವ ತೋಪು, ಮಲೆನಾಡಿನ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಅಜ್ಜನ ಕಾಲದ ಕೋವಿ, ಇವುಗಳ ನಳಿಗೆಯ ಮೇಲೆ ಹೆಸರು, ಊರು, ವರ್ಷ, ತೂಕ, ಮುದ್ರೆ ಏನಾದರೊಂದು ಇದ್ದೇ ಇರುವುದು ಸಾಮಾನ್ಯ. ಕಲ್ಲಿನ ಶಾಸನವನ್ನು ಓದಲು ಪಂಡಿತರು ಬೇಕು. ಇವನ್ನು ಓದಲು ಸ್ವಲ್ಪ ಲೆಕ್ಕ, ಸ್ವಲ್ಪ ತಾಳ್ಮೆ ಸಾಕು. ಲೆಕ್ಕವೇ ನಮ್ಮ ಹೊಟ್ಟೆಪಾಡಾದುದರಿಂದ ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿತೆಂದು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಭಿವಂಡಿಯ ಮಗ್ಗಗಳ ಸದ್ದಿನ ನಡುವೆ ಕುಳಿತು ಕನ್ನಡನಾಡಿನ ತೋಪುಗಳ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಾವು ಇಂದು ಬಾಡಿಗೆ ತೆತ್ತು ವಾಸವಾಗಿರುವ ಈ ಕಲ್ಯಾಣ-ಭಿವಂಡಿ ಪ್ರಾಂತವು ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಅದಕ್ಕೂ ಮುಂಚೆ ಅಹಮದನಗರದ ನಿಜಾಮಶಾಹಿಗೆ. 1636ರ ಒಪ್ಪಂದದಿಂದ ವಿಜಾಪುರದ ಕೈಗೆ ಬಂದ ಈ ನಾಡನ್ನು ಶಿವಾಜಿ ಮಹಾರಾಜರು 1657ರಲ್ಲಿ ಗೆದ್ದುಕೊಂಡರು. ಎಂದರೆ ಸುಮಾರು ಇಪ್ಪತ್ತು ವರ್ಷ ಇಲ್ಲಿಯ ಕಂದಾಯ ವಿಜಾಪುರಕ್ಕೆ ಹೋಗುತ್ತಿತ್ತು. ಆ ವಿಜಾಪುರದಲ್ಲಿ, ಇಂದಿನ ವಿಜಯಪುರದಲ್ಲಿ, ಅಹಮದನಗರದಲ್ಲಿ ಹುಟ್ಟಿ ಕನ್ನಡನಾಡಿಗೆ ವಲಸೆ ಹೋದ ಒಂದು ತೋಪು ಇದೆ. ನಾವು ಅತ್ತಣಿಂದ ಇತ್ತ ಬಂದವರು, ಅದು ಇತ್ತಣಿಂದ ಅತ್ತ ಹೋದದ್ದು, ವ್ಯತ್ಯಾಸ ಇಷ್ಟೆ.

ಅದೇ ಮಲಿಕ್-ಎ-ಮೈದಾನ್, ರಣರಂಗದ ಒಡೆಯ. ವಿಜಾಪುರದ ಕಡೆಯ ನಮ್ಮ ಬಂಧುಗಳೆಲ್ಲರೂ ಚಿಕ್ಕಂದಿನಲ್ಲಿ ಅದರ ಬಾಯಿಯ ಹತ್ತಿರ ನಿಂತು ಚಿತ್ರ ತೆಗೆಸಿಕೊಂಡವರೇ. ಉದ್ದ 14 ಅಡಿಗೂ ಮೇಲೆ, ಸುತ್ತಳತೆಯ ಅಡ್ಡಗಲ ಹತ್ತಿರಹತ್ತಿರ 5 ಅಡಿ, ಬಾಯಿಯ ಒಳಗಲ 2 ಅಡಿ 4 ಅಂಗುಲ, ತೂಕ 55 ಟನ್ ಎಂದು ಅಂದಾಜು. ಬಾಯಿಯು ಸಿಂಹದ ದವಡೆಯಂತಿದ್ದು ಅದರೊಳಗೆ ಆನೆ ಸಿಕ್ಕಿಕೊಂಡಿರುವಂತೆ ಎರಕ ಹೊಯ್ದಿದ್ದಾರೆ. ಹತ್ತು ಆನೆ, ನಾನೂರು ಎತ್ತು, ನೂರಾರು ಜನ ಕೂಡಿ ಎಳೆದು ತಂದರೆಂದು ಹೇಳುತ್ತಾರೆ. ಎಲ್ಲರೂ ಇದನ್ನೇ ಹೇಳುತ್ತಾರೆ, ಎಲ್ಲರೂ ಬಾಯಿಯನ್ನೇ ನೋಡುತ್ತಾರೆ. ಬೆನ್ನಿನ ಮೇಲಿನ ಬರಹವನ್ನು ನೋಡುವವರು ಕಡಿಮೆ.

ಅಲ್ಲಿ ಪಾರ್ಸಿಯಲ್ಲೂ ಅರಬಿಯಲ್ಲೂ ಬರಹಗಳಿವೆ. ಒಂದು, ನಿಜಾಮಶಾಹನ ಹೆಸರು ಮತ್ತು ಹಿಜರಿ 956. ಇನ್ನೊಂದು, ಎರಕ ಹೊಯ್ದ ಕುಶಲಿಯ ಹೆಸರು, ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಎಂದರೆ ತುರ್ಕರ ನಾಡಿನವನು. ಮೂರನೆಯದು ಬಹಳ ಕಾಲದ ಮೇಲೆ ಔರಂಗಜೇಬನು ಕೆತ್ತಿಸಿದ್ದು. ಒಂದೇ ನಳಿಗೆಯ ಮೇಲೆ ಇಬ್ಬರು ಒಡೆಯರು, ಎರಡು ತಾರೀಖು! ಕೊನೆಯ ತಾರೀಖನ್ನು ಮಾತ್ರ ಓದಿದವನು ತೋಪಿಗೆ ನೂರ ಮೂವತ್ತೇಳು ವರ್ಷ ಕಡಿಮೆ ವಯಸ್ಸು ಹೇಳಿಯಾನು.

ಹಿಜರಿ ವರ್ಷವನ್ನು ನಮ್ಮ ಲೆಕ್ಕಕ್ಕೆ ತರುವ ಬಗೆ ಹೀಗೆ. ಹಿಜರಿಯು ಶುದ್ಧ ಚಾಂದ್ರಮಾನ, ಅಧಿಕಮಾಸವಿಲ್ಲ, ವರ್ಷಕ್ಕೆ 354 ಇಲ್ಲವೆ 355 ದಿನ. ಆದುದರಿಂದ ಬರಿಯ 622 ಕೂಡಿಸಿದರೆ ಸಾಲದು. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಬೇಕು. 956ಕ್ಕೆ 927 ಬರುತ್ತದೆ. 622 ಸೇರಿದರೆ 1549. ಅಂದರೆ ಈ ತೋಪು ತಾಳಿಕೋಟೆಯ ಯುದ್ಧಕ್ಕೆ, 1565ಕ್ಕೆ, ಹದಿನಾರು ವರ್ಷ ಮುಂಚಿನದು. ಅಲ್ಲಿ ವಿಜಯನಗರದ ಸೇನೆಯ ಮೇಲೆ ಇದನ್ನು ಹಾರಿಸಿದರೆಂಬ ಐತಿಹ್ಯಕ್ಕೆ ಕಾಲದ ಅಡ್ಡಿಯೇನೂ ಇಲ್ಲವೆಂದು ಇಷ್ಟರಿಂದಲೇ ಗೊತ್ತಾಗುತ್ತದೆ. ಹಾರಿಸಿದ್ದು ನಿಜವೇ ಎಂಬುದು ಬೇರೆ ಮಾತು. ಅದನ್ನು ನಳಿಗೆ ಹೇಳುವುದಿಲ್ಲ.

ಔರಂಗಜೇಬನ ಬರಹದ ಸ್ವಾರಸ್ಯವೇ ಬೇರೆ. ಅಲ್ಲಿ ವರ್ಷವನ್ನು ಒಂದು ವಾಕ್ಯದೊಳಗೆ ಬಚ್ಚಿಟ್ಟಿದ್ದಾರೆ. ನಮ್ಮಲ್ಲಿ ಕಟಪಯಾದಿ ಇದ್ದಂತೆ ಅವರಲ್ಲಿ ಅಬ್ಜದ್ ಎಂಬ ಕ್ರಮವಿದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ. ‘ಮಾಲಿಕ್-ಎ-ಮೈದಾನ್ ರಾ ಗಿರಿಫ್ತ್’, ಮೈದಾನಿನ ಒಡೆಯನನ್ನು ಹಿಡಿದನು, ಎಂಬುದು ಮಾತು. ಮಾಲಿಕ್ 91, ಮೈದಾನ್ 105, ರಾ 201, ಗಿರಿಫ್ತ್ 700. ಕೂಡಿಸಿ ನೋಡಿ: 1097. ಹಿಜರಿ 1097 ಎಂದರೆ ವಿಜಾಪುರ ಬಿದ್ದ 1686. ಹಗಲೆಲ್ಲ ಅಂಕಿಯನ್ನೇ ಕೂಡುವ ನಮಗೆ ಅಕ್ಷರಗಳನ್ನು ಕೂಡಿದಾಗ ಮೊತ್ತ ಸರಿಹೋದದ್ದು ತುಂಬ ಸಂತೋಷ ಕೊಟ್ಟಿತೆಂದು ಹೇಳಲೇಬೇಕು.

ಇಂಥ ತೋಪನ್ನು 1854ರಲ್ಲಿ ಇಂಗ್ಲಿಷರ ಅಧಿಕಾರಿಗಳು ಹಳೆಯ ಲೋಹವೆಂದು ಹರಾಜು ಹಾಕಿದರು. ಬಂದ ಹೆಚ್ಚಿನ ಸವಾಲು 150 ರೂಪಾಯಿ! ಆ ಹರಾಜು ರದ್ದಾದುದರಿಂದ ತೋಪು ಉಳಿಯಿತು. 55 ಟನ್ ಕಂಚಿಗೆ 150 ರೂಪಾಯಿ ಎಂದರೆ ಟನ್ನಿಗೆ ಮೂರು ರೂಪಾಯಿಯೂ ಬೀಳುವುದಿಲ್ಲ.

ಅದೇ ಊರಿನ ಉಪ್ಪಲಿ ಬುರುಜಿನ ಮೇಲಿರುವ ಉದ್ದ ತೋಪು 30 ಅಡಿಗೂ ಮಿಕ್ಕಿ ಇದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆಗಳನ್ನು ತೊಡಿಸಿ ಬಡಿದು ಕೂಡಿಸಿದ್ದು. ಕಂಚಿನ ಎರಕದ ಮೇಲೆ ಬರಹ ತಾನಾಗಿ ಮೂಡುತ್ತದೆ, ಅಚ್ಚಿನಲ್ಲೇ ಕೆತ್ತಿಬಿಟ್ಟರಾಯಿತು. ಬಡಿದ ಕಬ್ಬಿಣದ ಮೇಲೆ ಹಾಗಲ್ಲ. ಆದುದರಿಂದ ಬರಹವಿಲ್ಲದ ತೋಪೆಂದು ಉಪೇಕ್ಷಿಸಬಾರದು. ಅದನ್ನು ಕಟ್ಟಿದ ರೀತಿಯೇ ಅದರ ಬರಹ.

ವಸಾಯಿ, ಠಾಣೆಗಳ ಕಡೆ ಹಳೆಯ ಪೋರ್ತುಗೀಜ್ ತೋಪು ಸಿಕ್ಕಿದರೆ ಐದು ಪುಟ್ಟ ಗುರಾಣಿಗಳುಳ್ಳ ರಾಜಲಾಂಛನವನ್ನು ಹುಡುಕಬೇಕು. ಚಿಮಾಜಿ ಅಪ್ಪನು 1739ರಲ್ಲಿ ವಸಾಯಿಯನ್ನು ಗೆದ್ದುದರಿಂದ, ಆ ಕೋಟೆಯಲ್ಲಿ ಪೋರ್ತುಗೀಜರು ಇಟ್ಟ ತೋಪು ಅದಕ್ಕಿಂತ ಹಿಂದಿನದೇ ಆಗಿರಬೇಕು. ಇಂಗ್ಲಿಷ್ ತೋಪುಗಳಲ್ಲಿ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಮೊದಲಕ್ಷರ. ಇವುಗಳ ಮೇಲೆ ಕೆಲವು ವೇಳೆ ಮೂರು ಅಂಕಿಗಳು ಸಾಲಾಗಿರುತ್ತವೆ, ಉದಾಹರಣೆಗೆ 9-2-14. ಇದನ್ನು ತಾರೀಖೆಂದು, ಎರಡನೆಯ ತಿಂಗಳು ಒಂಬತ್ತನೆಯ ದಿನ 1814ನೆಯ ಇಸವಿಯೆಂದು ಓದುವವರುಂಟು. ಅದು ತೂಕ. ಮೊದಲನೆಯದು ಹಂಡ್ರೆಡ್‌ವೆಯ್ಟ್, ಅಂದರೆ 112 ಪೌಂಡು. ನಡುವಿನದು ಅದರ ಕಾಲುಭಾಗ, 28 ಪೌಂಡು. ಕೊನೆಯದು ಬಿಡಿ ಪೌಂಡು. 1008ಕ್ಕೆ 56 ಸೇರಿ 1064, ಅದಕ್ಕೆ 14 ಸೇರಿ 1078 ಪೌಂಡು. ತಾರೀಖಲ್ಲ ಎಂಬುದಕ್ಕೆ ಗುರುತು ಸುಲಭ: ನಡುವಿನ ಅಂಕಿ ಎಂದಿಗೂ 3ನ್ನು ಮೀರುವುದಿಲ್ಲ, ಕೊನೆಯದು 27ನ್ನು ಮೀರುವುದಿಲ್ಲ.

ಇನ್ನು ಮೈಸೂರಿನ ವಿಚಾರ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟೀಪು ಸುಲ್ತಾನನು ಮಾಡಿಸಿದ ಬಂದೂಕು, ಪಿಸ್ತೂಲುಗಳು ಇಂದು ಹೆಚ್ಚಾಗಿ ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಲೂಟಿಯಾಗಿ ಹಂಚಿಹೋದವು ಅವು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕನು 1992ರಲ್ಲಿ ಈ ಬಂದೂಕುಗಳ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಹುಲಿಯ ಮುಖದ ತುದಿ, ಹುಲಿಪಟ್ಟೆಯ ಅಲಂಕಾರ, ತಂದೆ ಹೈದರನ ಹೆಸರಿನ ಮೊದಲಕ್ಷರದ ಮುದ್ರೆ, ಪಟ್ಟಣದ ಹೆಸರು, ಅಸದ್ ಖಾನ್ ಮುಹಮ್ಮದ್ ಮುಂತಾದ ಕುಶಲಿಗಳ ಅಂಕಿತ, ಕೊನೆಗೆ ವರ್ಷ: ಇಷ್ಟೂ ಇವುಗಳಲ್ಲಿ ಕಾಣಬಹುದು.

ಆದರೆ ಈ ವರ್ಷವನ್ನು ಓದುವಲ್ಲಿ ಎರಡು ತೊಡಕು. ಟೀಪು ತನ್ನ ರಾಜ್ಯದಲ್ಲಿ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ತಂದನು. ಅವನ ನಾಣ್ಯಗಳಲ್ಲಿ ಮೊದಲ ನಾಲ್ಕು ವರ್ಷ ಹಿಜರಿ 1197ರಿಂದ 1200ರವರೆಗೆ ಇದ್ದು, ಐದನೆಯ ವರ್ಷಕ್ಕೆ ಒಮ್ಮೆಗೇ 1215 ಎಂದು ನೆಗೆಯುತ್ತದೆ. ಗೊತ್ತಿಲ್ಲದವನು ನಡುವಿನ ವರ್ಷಗಳ ನಾಣ್ಯಗಳು ಎಲ್ಲಿ ಹೋದವೆಂದು ಹುಡುಕುತ್ತಲೇ ಇರಬೇಕು. ಎರಡನೆಯ ತೊಡಕು, ಹೊಸ ಶಕೆಯೊಡನೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿ ಬಂದಿತು. ಪಾರ್ಸಿ ಲಿಪಿಯನ್ನು ಬಲದಿಂದ ಎಡಕ್ಕೆ ಬರೆದರೂ ಅಂಕಿಗಳನ್ನು ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ ಬರೆಯುವುದು ಎಲ್ಲೆಡೆಯ ರೂಢಿ. ಟೀಪುವಿನಲ್ಲಿ ಅದು ತಿರುಗಿತು. 1215 ಎಂಬುದು ನಮ್ಮ ಕಣ್ಣಿಗೆ 5121ರಂತೆ ಕಾಣುತ್ತದೆ. 1221 ಒಂದಕ್ಕೆ ಮಾತ್ರ ಈ ತೊಂದರೆಯಿಲ್ಲ. ಅದು ಎತ್ತಣಿಂದ ಓದಿದರೂ 1221!

ಮೌಲೂದಿಯನ್ನು ಕ್ರಿಸ್ತಶಕಕ್ಕೆ ತರಲು ಗುಣಾಕಾರ ಬೇಡ. ಏಕೆಂದರೆ ಟೀಪುವಿನ ಪಂಚಾಂಗ ನಮ್ಮದರಂತೆಯೇ ಅಧಿಕಮಾಸ ಸೇರಿಸಿಕೊಳ್ಳುವ ಚಾಂದ್ರ-ಸೌರ ಪಂಚಾಂಗ. ನಮ್ಮ ಪ್ರಭವಾದಿ ಅರವತ್ತು ಸಂವತ್ಸರಗಳಿಗೆ ಸರಿಯಾಗಿ ಅವನಲ್ಲೂ ಅರವತ್ತು ಹೆಸರುಗಳಿದ್ದವು. ಸೂರ್ಯನ ಜತೆಗೇ ನಡೆಯುವುದರಿಂದ ವ್ಯತ್ಯಾಸ ಬೆಳೆಯುವುದಿಲ್ಲ; 572 ಕೂಡಿಸಿದರೆ ಸಾಕು, ತಪ್ಪಿದರೆ ಒಂದು ವರ್ಷ ಅತ್ತಿತ್ತ. 1215 ಎಂದರೆ 1787ರ ಯುಗಾದಿಯಿಂದಾಚೆಗೆ, ನಮ್ಮ ಪ್ಲವಂಗ ಸಂವತ್ಸರ.

ಈ ತೊಡಕಿನಿಂದ ಏನಾಗುತ್ತದೆ ನೋಡಿ. ಒಂದು ಬಂದೂಕಿನ ಮೇಲೆ 1222 ಎಂದಿದೆಯೆನ್ನಿ. ಮೌಲೂದಿಯೆಂದು ತಿಳಿದರೆ ಅದು 1794ರ ಸುಮಾರಿನದು. ಹಿಜರಿಯೆಂದು ಭಾವಿಸಿ ಲೆಕ್ಕ ಹಾಕಿದರೆ 1807 ಬರುತ್ತದೆ. ಟೀಪು ತೀರಿಕೊಂಡು ಎಂಟು ವರ್ಷವಾಗಿತ್ತು! ಅರ್ಧ ತಿಳಿದ ಪಂಡಿತನೊಬ್ಬ ‘ಇದು ಖೋಟಾ’ ಎಂದು ಹೇಳಿಬಿಟ್ಟರೆ ನಿಜವಾದ ಒಂದು ವಸ್ತು ಗುಜರಿಗೆ ಹೋಯಿತು. ಇದಕ್ಕೆ ವಿರುದ್ಧವಾಗಿ, ಬರಿಯ ಹುಲಿಮುಖ ಕಂಡು ಟೀಪುವಿನದೆಂದು ಸಾವಿರಗಟ್ಟಲೆ ಹಣ ತೆರುವವರೂ ಇದ್ದಾರೆ. ಹುಲಿಯ ಮುಖವನ್ನು ಯಾರು ಬೇಕಾದರೂ ಬಡಿಯಬಹುದು. ತಿರುವುಮುರುವು ಅಂಕಿಯನ್ನು ಸರಿಯಾಗಿ ಬರೆಯಲು ಖೋಟಾ ಮಾಡುವವನಿಗೂ ಸ್ವಲ್ಪ ವಿದ್ಯೆ ಬೇಕು.

ಟೀಪುವಿನ ಎಲ್ಲ ಆಯುಧಗಳೂ ಹೀಗೆ ಮಾತನಾಡುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳು ಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧರಾಕೆಟ್ಟುಗಳ ಕಬ್ಬಿಣದ ಕೊಳವೆಗಳು ಹೊರಬಂದವು. ಇಂಥವುಗಳ ಗುರುತು ಸಿಕ್ಕಬೇಕಾದರೆ ಆಕಾರ, ಅಳತೆ, ಒಳಗಿನ ಮದ್ದು, ಸಿಕ್ಕಿದ ಸ್ಥಳ ಇವನ್ನೇ ನೋಡಬೇಕು.

ಈಗ ಮನೆಯ ಕೋವಿಗೆ ಬರೋಣ. ನಮ್ಮ ಸಂಘದಲ್ಲಿ ಕರಾವಳಿಯವರು, ಮಲೆನಾಡಿನವರು ಅನೇಕರಿದ್ದಾರೆ. ಹಂದಿಯ ಕಾಟಕ್ಕೆಂದು ಬೆಳೆರಕ್ಷಣೆಯ ಪರವಾನಗಿ ಪಡೆದ ಕೋವಿ ಊರಿನ ಮನೆಯಲ್ಲಿ ಇದ್ದವರೂ ಇದ್ದಾರೆ. ಕೊಡಗಿನ ಸಂಗತಿ ಇನ್ನೂ ಬೇರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. 1861ರಿಂದ ಬಂದ ವಿನಾಯಿತಿಯ ಪ್ರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿ ಬೇಕಿಲ್ಲ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಕೇಪಿನ ಕೋವಿಯಾಗಲಿ ತೋಟಾ ಕೋವಿಯಾಗಲಿ, ಮುದ್ರೆಗಳು ಎದುರಿಗೆ ಕಾಣುವಂತಿರುವುದಿಲ್ಲ. ನಳಿಗೆಯ ಹಿಂಭಾಗದ ಅಡಿಯಲ್ಲಿ, ಮರಕ್ಕೆ ಕೂಡುವ ಚಪ್ಪಟೆ ಜಾಗದಲ್ಲಿ ಅಡಗಿರುತ್ತವೆ. ಮೇಲೆ ಚಿನ್ನದಂತೆ ಹೊಳೆಯುವ ಅಂಗಡಿಯ ಹೆಸರು ಬರಿಯ ಜಾಹಿರಾತು, ಅಡಿಯಲ್ಲಿರುವುದೇ ಸತ್ಯ. ಇಂಗ್ಲೆಂಡಿನಲ್ಲಿ ಯಾವ ಕೋವಿಯನ್ನಾಗಲಿ ಮಾರುವ ಮುನ್ನ ಪರೀಕ್ಷಾಶಾಲೆಯಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸುತ್ತಿದ್ದರು. ನಳಿಗೆ ಸಿಡಿಯದೆ ತಡೆದುಕೊಂಡರೆ ಮುದ್ರೆ ಬೀಳುತ್ತಿತ್ತು. ಬ್ಯಾಂಕಿನಲ್ಲಿ ಒಡವೆಯ ಮೇಲೆ ಸಾಲ ಕೊಡುವ ಮುಂಚೆ 916ರ ಗುರುತು ಹುಡುಕುವಂತೆಯೇ ಇದು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು. ಅವರ ಮುದ್ರೆಗಳು ಕಿರೀಟದ ಕೆಳಗೆ ‘ಜಿ ಪಿ’ ಮತ್ತು ಕಿರೀಟದ ಕೆಳಗೆ ‘ವಿ’. ಬರ್ಮಿಂಗ್‌ಹ್ಯಾಮಿನ ಶಾಲೆ 1813ರ ಕಾಯಿದೆಯಿಂದ ಹುಟ್ಟಿದ್ದು. ಅವರದು ಕಿರೀಟ, ಅಡ್ಡಡ್ಡವಾಗಿ ಎರಡು ರಾಜದಂಡ, ನಡುವೆ ‘ಬಿ ಪಿ ಸಿ’ ಎಂಬ ಅಕ್ಷರಗಳು. 1904ರಿಂದ ಅದು ಹೋಗಿ ಕಿರೀಟದಡಿ ‘ಬಿ ಪಿ’, ‘ಬಿ ವಿ’, ‘ಎನ್ ಪಿ’ ಬಂದವು. ‘ನಾಟ್ ಫಾರ್ ಬಾಲ್’ ಎಂಬ ಮಾತು, ಅಂದರೆ ತುದಿ ಕಿರಿದಾದ ಈ ನಳಿಗೆಯಲ್ಲಿ ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ, 1875ರಿಂದ 1887ರವರೆಗೆ ಮಾತ್ರ ಬಳಕೆಯಲ್ಲಿತ್ತು. ಹನ್ನೆರಡೇ ವರ್ಷ, ಇದಕ್ಕಿಂತ ಒಳ್ಳೆಯ ಗುರುತು ಇನ್ನೇನು ಬೇಕು? ಮೊಟ್ಟೆಯಾಕಾರದ ಗೆರೆಯೊಳಗೆ ‘ಇ ಎಲ್ ಜಿ’ ಎಂದಿದ್ದರೆ ಬೆಲ್ಜಿಯಮ್ಮಿನ ಲೀಜ್ ನಗರದ್ದು. ಅದರ ಮೇಲೆ ಕಿರೀಟವೂ ಇದ್ದರೆ 1893ರ ಈಚಿನದು.

ಕಂಪೆನಿ ಸರಕಾರದ ಸಿಪಾಯಿ ಬಂದೂಕುಗಳ ಗುರುತನ್ನು ಹಳೆಯ ನಾಣ್ಯ ಕೂಡಿಡುವವರು ಸುಲಭವಾಗಿ ಹಿಡಿಯುತ್ತಾರೆ. ಹೃದಯದಾಕಾರದ ಚಿಹ್ನೆ ನಾಲ್ಕು ಭಾಗವಾಗಿ ‘ವಿ ಇ ಐ ಸಿ’, ಮೇಲೆ 4ರಂಥ ಗೆರೆ. ಸರಕಿನ ಮೂಟೆಗೆ ಒತ್ತುತ್ತಿದ್ದ ಮುದ್ರೆಯನ್ನೇ ಕಾಸಿಗೂ ಒತ್ತಿದರು, ಕೋವಿಗೂ ಒತ್ತಿದರು; ವ್ಯಾಪಾರಿಗಳಲ್ಲವೆ! 1808ರ ಸುಮಾರಿಗೆ ಹೃದಯ ಹೋಗಿ ನಿಂತ ಸಿಂಹ ಬಂದಿತು. ಸ್ವಾತಂತ್ರ್ಯಾನಂತರ ಇಷಾಪುರದ ಕಾರ್ಖಾನೆಯ ರೈಫಲುಗಳ ಮೇಲೆ ಇಂಗ್ಲಿಷ್ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದುವು.

ನಮ್ಮ ಸಂಘದ ಹಿರಿಯರೊಬ್ಬರು, ತೀರ್ಥಹಳ್ಳಿಯ ಕಡೆಯವರು, ಭಿವಂಡಿಗೆ ಬಂದು ನಲವತ್ತು ವರ್ಷವಾಗಿದೆ. ಊರಿನ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಕಾಲ ಬಂದಾಗ ತಂದೆಯ ಕೋವಿಯ ಪ್ರಶ್ನೆ ಎದ್ದಿತು. ಅದು ಟೀಪುವಿನ ದಂಡಿನಿಂದ ಬಂದ ಕೋವಿಯೆಂದು ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. ಒಬ್ಬ ತಮ್ಮ ಮಾರೋಣ, ಲಕ್ಷಗಟ್ಟಲೆ ಬರುತ್ತದೆಂದ. ಇನ್ನೊಬ್ಬ ಪೊಲೀಸರ ಗೊಡವೆ ಬೇಡ, ಹೊಳೆಗೆ ಹಾಕೋಣವೆಂದ. ಹಿರಿಯರು ನಳಿಗೆಯ ಅಡಿಯ ಚಿತ್ರಗಳನ್ನು ಮೊಬೈಲಿನಲ್ಲಿ ತರಿಸಿ ನಮ್ಮ ಮುಂದೆ ಇಟ್ಟರು. ಕಿರೀಟ, ರಾಜದಂಡಗಳು, ‘ಬಿ ಪಿ ಸಿ’, ಪಕ್ಕದಲ್ಲಿ ಸವೆದ ‘ನಾಟ್ ಫಾರ್ ಬಾಲ್’. ಬರ್ಮಿಂಗ್‌ಹ್ಯಾಮು, 1875ಕ್ಕೂ 1887ಕ್ಕೂ ನಡುವೆ. ಟೀಪು ತೀರಿ ಮುಕ್ಕಾಲು ಶತಮಾನ ಕಳೆದ ಮೇಲಿನದು. ಹಿರಿಯರ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಮುತ್ತಜ್ಜ ಸುಳ್ಳು ಹೇಳಿದ್ದನೇನಪ್ಪಾ?” ಎಂದರು. ಸುಳ್ಳಲ್ಲ ರಾಯರೇ, ಮೊದಲು ಬೇರೊಂದು ಕೋವಿ ಇದ್ದಿರಬಹುದು, ಅದು ಸವೆದು ಇದು ಬಂದಿರಬಹುದು, ಕಥೆ ಮಾತ್ರ ಹಳೆಯದೇ ಉಳಿದಿರಬಹುದು ಎಂದೆವು. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಆದರೆ ಮಾರುವ ಮಾತು ಅಲ್ಲಿಗೇ ನಿಂತಿತು, ಹೊಳೆಗೆ ಹಾಕುವ ಮಾತೂ ನಿಂತಿತು. ಊರಲ್ಲಿರುವ ಕಿರಿಯ ತಮ್ಮನ ಹೆಸರಿಗೆ ಪರವಾನಗಿಗಾಗಿ ಅರ್ಜಿ ಹಾಕಿದ್ದಾರೆ; ಅಲ್ಲಿಯವರೆಗೆ ಕೋವಿ ಠಾಣೆಯಲ್ಲಿ ಜಮೆಯಾಗಿದೆ, ರಸೀದಿ ಇಲ್ಲಿ ಹಿರಿಯರ ಪೆಟ್ಟಿಗೆಯಲ್ಲಿದೆ.

ಮುದ್ರೆಯೂ ಮೋಸ ಮಾಡುವುದುಂಟು. ನಳಿಗೆ ಒಂದು ಕಾಲದ್ದು, ಕುದುರೆ ಇನ್ನೊಂದು ಕಾಲದ್ದು, ಮರ ಊರಿನ ಆಚಾರಿಯದು ಆಗಿರಬಹುದು. ಚಕಮಕಿ ಕಲ್ಲಿನ ಕೋವಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿಗೆ ಬದಲಾಯಿಸಿದ್ದು ಸಾವಿರಾರು. ವಾಯವ್ಯ ಗಡಿಯ ಕಮ್ಮಾರರು ಇಂಗ್ಲಿಷ್ ಮುದ್ರೆಗಳನ್ನು ನೋಡಿ ನೋಡಿ ಒತ್ತುತ್ತಿದ್ದರು. ಅಕ್ಷರ ಬಾರದ ಕಾರಣ ಕಾಗುಣಿತ ತಪ್ಪುತ್ತಿತ್ತು, ‘ಎನ್’ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತಿತ್ತು. ಚೆಕ್ಕಿನ ಮೇಲಿನ ರುಜುವನ್ನು ಹೇಗೆ ನೋಡುತ್ತೇವೋ ಹಾಗೆ ನೋಡಬೇಕು: ಒಂದು ಅಕ್ಷರವನ್ನಲ್ಲ, ಎಲ್ಲ ಗುರುತುಗಳೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು.

ಊರಿಗೆ ಹೋದಾಗ ಯಾರಾದರೂ ಅಟ್ಟ ಹತ್ತಿ ಇಂಥದನ್ನು ನೋಡುವುದಾದರೆ ಒಂದೆರಡು ಮಾತು. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ಅಜ್ಜ ಹಾಕಿದ ಈಡು ಇನ್ನೂ ಇದ್ದೀತು. ಐವತ್ತು ವರ್ಷದ ಕರಿಮದ್ದು ಒಣಗಿದ್ದರೆ ಈಗಲೂ ಹತ್ತಿಕೊಳ್ಳುತ್ತದೆ. ಆದುದರಿಂದ ಬಾಯಿಯ ಎದುರು ನಿಲ್ಲಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಬಲ್ಲವರ ಕೈಯಿಂದಲೇ ನೋಡಿಸಬೇಕು. ಅವರು ತೆಳುವಾದ ಮರದ ಕಡ್ಡಿಯನ್ನು ಒಳಗೆ ಇಳಿಬಿಟ್ಟು ಗುರುತು ಮಾಡಿ, ಅದನ್ನೇ ಹೊರಗಿನಿಂದ ನಳಿಗೆಗೆ ಹಿಡಿದು ನೋಡುತ್ತಾರೆ. ಕಡ್ಡಿ ಬುಡ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಮುದ್ರೆ ಕಾಣಲಿಲ್ಲವೆಂದು ಮರಳು ಕಾಗದದಿಂದ ಉಜ್ಜಬಾರದು. ತುಕ್ಕಿನ ಜತೆ ಅಕ್ಷರವೂ ಹೋಗುತ್ತದೆ. ಎಣ್ಣೆ ಸವರಿ ಬಿಟ್ಟು, ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ಚಿತ್ರ ತೆಗೆದರೆ ಸಾಕು. ಹೆಣೆದ ಗೆರೆಯಂತೆ ಕಾಣುವ ಹಳೆಯ ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ತೋಟಾ ಹಾಕಿ ಹಾರಿಸಿದರೆ ಕೈ ಉಳಿಯುವ ಭರವಸೆಯಿಲ್ಲ.

ಕಾನೂನಿನ ಮಾತೂ ಉಂಟು. 1959ರ ಆಯುಧ ಕಾಯಿದೆಯ 45ನೆಯ ಕಲಮಿನಲ್ಲಿ, ಹಳೆಯ ಮಾದರಿಯ, ಪುರಾತನ ಬೆಲೆಯ, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲಾಗದ ಕೋವಿಗಳಿಗೆ ಒಂದು ಬಗೆಯ ವಿನಾಯಿತಿಯಿದೆ. ಆದರೆ ನಮ್ಮ ಕೋವಿ ಆ ಸಾಲಿಗೆ ಸೇರುತ್ತದೆಯೆಂದು ನಾವೇ ತೀರ್ಮಾನಿಸಿಕೊಂಡು ರೈಲಿನಲ್ಲಿ ಭಿವಂಡಿಗೆ ತರುವ ಸಾಹಸ ಯಾರೂ ಮಾಡಬಾರದು. ಪರವಾನಗಿದಾರ ತೀರಿಕೊಂಡಿದ್ದರೆ ಠಾಣೆಗೆ ತಿಳಿಸಿ ಜಮೆ ಮಾಡಿ ರಸೀದಿ ಪಡೆಯಬೇಕು. ಜಮೆ ಮಾಡುವ ಮುಂಚೆ ಮುದ್ರೆಗಳ ಚಿತ್ರ, ನಳಿಗೆಯ ಉದ್ದ, ಬಾಯಿಯ ಅಗಲ, ಕೋವಿಯ ಸಂಖ್ಯೆ, ಮನೆಯಲ್ಲಿ ಅದರ ಬಗ್ಗೆ ಹೇಳುವ ಕಥೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪರವಾನಗಿಯ ಹಳೆಯ ಪುಸ್ತಕದ ಜತೆಗೆ ಇಟ್ಟುಕೊಳ್ಳುವುದು ಲೇಸು. ಅಂಥ ಹಾಳೆ ಯಾರಲ್ಲಿಯಾದರೂ ಸಿದ್ಧವಾದರೆ ಭಾನುವಾರ ಸಂಜೆ ಸಂಘದ ವಾಚನಾಲಯಕ್ಕೆ ತರಬಹುದು. ಕೂಡಿ ಓದಲು ನಾವು ಅಲ್ಲಿರುತ್ತೇವೆ.